ಸೈಟಿನ ರೇಟಲ್ಲಿ ನಮ್ಮ ಹೆಸರು ಸೇರಿಲ್ಲ



"ಬೆಂಗಳೂರಲ್ಲಿ ಜಾತಿ ಎಲ್ರೀ ಇದೆ? ಇಲ್ಲಿ ದುಡ್ಡೇ ಜಾತಿ" ಅಂತಾರೆ ನಮ್ಮ ಪ್ರಗತಿಪರ ಗೆಳೆಯರು. ಅವರಿಗೆ ನನ್ನದೊಂದು ಆಹ್ವಾನ. ಒಂದು ಭಾನುವಾರ ನಮ್ಮ ಜೊತೆ ಮನೆ ನೋಡೋಕೆ ಬನ್ನಿ. ದುಡ್ಡು ನಾವೇ ತರ್ತೀವಿ.

ಎಂಟು ತಿಂಗಳಿಂದ ನಾನು, ನನ್ನ ಹೆಂಡತಿ ಮಾಗಡಿ ರಸ್ತೆ, ನೆಲಮಂಗಲ, ಆನೇಕಲ್, ಹೊಸಕೋಟೆ ಸುತ್ತಿದ್ದೀವಿ. ಇಬ್ಬರ ಸಂಬಳಕ್ಕೆ ಬ್ಯಾಂಕು ಕೊಡೋ ಸಾಲದಲ್ಲಿ ನಗರದೊಳಗೆ ಕಾಲಿಡೋ ಹಾಗಿಲ್ಲ. ಹೊರವಲಯ ಅಂದಮೇಲೆ ಹೊಂದಾಣಿಕೆ ಇದ್ದದ್ದೇ. ಅಗ್ಗದ ಸೈಟು ಬಿ ಖಾತಾ. ಎ ಖಾತಾನೇ ಬೇಕು ಅಂದ್ರೆ 30/40 ಹೋಗಿ 20/30 ಆಗುತ್ತೆ. ಮೆಟ್ರೋ ಹತ್ತಿರ ಇದ್ದಲ್ಲಿ ಕಾವೇರಿ ಇಲ್ಲ, ಬೋರ್‌ವೆಲ್ ಬತ್ತಿದ್ರೆ ಟ್ಯಾಂಕರೇ ಗತಿ. 2007ರಲ್ಲಿ ನಗರಕ್ಕೆ ಸೇರಿಸಿಕೊಂಡ 110 ಹಳ್ಳಿಗಳಿಗೆ ನೀರು ಕೊಡೋ ಕಾವೇರಿ ಐದನೇ ಹಂತಕ್ಕೆ ಚಾಲನೆ ಸಿಕ್ಕಿದ್ದೇ 2024ರಲ್ಲಿ! ಈ ಲೆಕ್ಕ ಎಲ್ಲ ಜಾತಿಯ ಸಂಬಳದಾರರೂ ಹಾಕ್ತಾರೆ. ನಾವೂ ಹಾಕಿದ್ದೀವಿ.

ನಮ್ಮ ಲೆಕ್ಕದಲ್ಲಿ ಮಾತ್ರ ಇನ್ನೊಂದು ಬಾಬ್ತು ಇದೆ.

"ತಪ್ಪು ತಿಳ್ಕೋಬೇಡಿ ಸರ್, ನಿಮ್ಮ ಮನೆದೇವ್ರು ಯಾವ್ದು?" "ಊಟ ಹೆಂಗೆ ನಿಮ್ದು?" "ಊರಲ್ಲಿ ಯಾವ ಬೀದಿ?" ಜಾತಿ ಯಾರೂ ಕೇಳಲ್ಲ ನೋಡಿ, ಅಷ್ಟು ಸಂಭಾವಿತರು. ಒಂದು ಕಡೆ ರೇಟು ಕುದುರಿ, ಮುಂಗಡ ಕೊಡೋಕೆ ಕೂತಾಗ ಈ ಮೂರನೇ ಪ್ರಶ್ನೆ ಬಂತು. ಉತ್ತರ ಕೊಟ್ವಿ. ಸಂಜೆಗೆ ಫೋನು: "ಮನೇಲಿ ಒಪ್ತಿಲ್ಲ ಸರ್." ಅದೇ ಮನೆ ತಿಂಗಳಾದರೂ ಜಾಹೀರಾತಲ್ಲೇ ಇತ್ತು. ದುಡ್ಡೇ ಜಾತಿ ಆಗಿದ್ರೆ ನಮ್ಮ ದುಡ್ಡು ಯಾಕೆ ಮೈಲಿಗೆ ಆಯ್ತು?

ಇನ್ನು ನಮ್ಮವರೇ ಕೊಡೋ ಸಲಹೆ: "ರಿಜಿಸ್ಟ್ರೇಷನ್ ಆಗೋವರೆಗೂ ಸುಮ್ನಿರಿ ಅಣ್ಣ. ಬಾಬಾಸಾಹೇಬರ ಫೋಟೋ ಹಾಲಲ್ಲಿ ಬೇಡ, ರೂಮಲ್ಲಿ ಹಾಕಿ." ಹೀಗನ್ನೋರ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳಿಗೊಂದು ಸೂರು ಆಗಲಿ ಅನ್ನೋ ಸಂಕಟ ಅದು. ಆದರೆ ಲೆಕ್ಕ ಪೂರ್ತಿ ಹಾಕಿ. ರಸ್ತೆ ಇವತ್ತಿಲ್ಲದಿದ್ರೆ ನಾಳೆ ಆಗುತ್ತೆ, ನೀರೂ ಬರುತ್ತೆ. ಬಚ್ಚಿಟ್ಟ ಹೆಸರಿಗೆ ಮಾತ್ರ ಆ ಮನೆಯಲ್ಲಿ ಇರೋವರೆಗೂ ಕಂತು ಕಟ್ಟಬೇಕು. ಮಗಳು ಗೆಳತಿಯನ್ನ ಕರೆಯೋ ಮುಂಚೆ ಗೋಡೆ ನೋಡಬೇಕು. ಊರಿಂದ ಬಂದ ಅವ್ವ ಪಕ್ಕದ ಮನೆಯವರ ಹತ್ರ ಏನು ಮಾತಾಡ್ತಾಳೋ ಅಂತ ಕಾವಲು ಕೂರಬೇಕು.

ಬಚ್ಚಿಟ್ಟರೆ ಉಳೀತೀವಿ ಅನ್ನೋದೂ ಸುಳ್ಳು. ಕೊಲಂಬಿಯಾದಲ್ಲಿ ಓದಿ, 1917ರಲ್ಲಿ ಬರೋಡಾ ಸಂಸ್ಥಾನದ ಕೆಲಸಕ್ಕೆ ಬಂದ ಬಾಬಾಸಾಹೇಬರಿಗೆ ತಂಗೋಕೆ ಜಾಗ ಸಿಗಲಿಲ್ಲ. ಪಾರ್ಸಿ ಹೆಸರಲ್ಲಿ ಪಾರ್ಸಿಗಳ ವಸತಿಗೃಹದಲ್ಲಿ ಇದ್ದರು. ಗೊತ್ತಾದ ದಿನ ದೊಣ್ಣೆ ಹಿಡಿದು ಬಂದು ಹೊರಗೆ ಹಾಕಿದರು.

ಕಾನೂನು ಏನನ್ನುತ್ತೆ? ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಬಾವಿ, ರಸ್ತೆ ಎಲ್ಲ ಇವೆ, ಮನೆ ಅಂತ ಬಿಡಿಸಿ ಬರೆದಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಂಘದ ಪ್ರಕರಣದಲ್ಲಿ, ತಮ್ಮ ಸಮುದಾಯದವರಿಗಷ್ಟೇ ಸದಸ್ಯತ್ವ ಅನ್ನೋ ಬೈಲಾವನ್ನ ಎತ್ತಿಹಿಡಿಯಿತು. ನಮ್ಮ ಕೈಲಿರೋ ಅಸ್ತ್ರ ದೌರ್ಜನ್ಯ ತಡೆ ಕಾಯ್ದೆ. 2015ರ ತಿದ್ದುಪಡಿ ನಂತರ ಆರ್ಥಿಕ ಬಹಿಷ್ಕಾರವೂ ಅಪರಾಧ, ವ್ಯವಹಾರಕ್ಕೆ ನಿರಾಕರಿಸೋದೂ ಅದರ ವ್ಯಾಖ್ಯಾನದಲ್ಲಿದೆ. ಜಾತಿ ತಿಳಿದು ಮನೆ ಮಾರಲ್ಲ ಅನ್ನೋದು ಇದರೊಳಗೇ ಬರಬೇಕು ಅಂತ ನಾವು ಪಟ್ಟು ಹಿಡಿಯಬೇಕು. ಮನೆ ಮಾರಾಟ, ಬಾಡಿಗೆ ಎರಡನ್ನೂ ಹೆಸರಿಸಿ ರಾಜ್ಯ ಸರ್ಕಾರ ಪ್ರತ್ಯೇಕ ಕಾನೂನು ತರಬೇಕು.

ಇದಕ್ಕಿಂತ ದೊಡ್ಡ ಅನ್ಯಾಯ ಆ ಸೈಟುಗಳ ಕೆಳಗೇ ಇದೆ. ಬೆಂಗಳೂರಿನ ಸುತ್ತ ಎಷ್ಟೋ ಲೇಔಟುಗಳು ಎದ್ದಿರೋದು ನಮ್ಮ ತಾತ ಮುತ್ತಾತಂದಿರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಿನ ಮೇಲೆ. ಅನುಮತಿ ಇಲ್ಲದೆ ಅದನ್ನ ಮಾರಿದ್ರೆ ಅಸಿಂಧು ಅಂತ 1978ರ ಪಿಟಿಸಿಎಲ್ ಕಾಯ್ದೆ ಹೇಳುತ್ತೆ. ತಡವಾಗಿ ಬಂದ್ರಿ ಅಂತ ಕೋರ್ಟುಗಳಲ್ಲಿ ನಮ್ಮ ಅರ್ಜಿಗಳು ಬಿದ್ದವು. ನಮ್ಮ ಜನ ಬೀದಿಗಿಳಿದ ಮೇಲೆ 2023ರಲ್ಲಿ ತಿದ್ದುಪಡಿ ಬಂತು. ನಮ್ಮದೇ ನೆಲದ ಮೇಲೆ ಗೇಟು ಹಾಕಿ, ನಮ್ಮನ್ನೇ ಮನೆದೇವ್ರು ಯಾವ್ದು ಅಂತ ಕೇಳ್ತಾರಲ್ಲ, ನಾಚಿಕೆ ಬೇಡ್ವಾ?

ಹಾಗಾಗಿ ಮನೆ ಹುಡುಕ್ತಿರೋ ಗೆಳೆಯರಿಗೆ ನನ್ನ ಮಾತು ಇಷ್ಟು. ದೂರ, ಅಳತೆ, ನೀರು, ಎಲ್ಲದರಲ್ಲೂ ರಾಜಿ ಮಾಡ್ಕೊಳ್ಳಿ. ಎರಡರಲ್ಲಿ ಬೇಡ. ಒಂದು, ನಿಮ್ಮ ಹೆಸರು. ಎರಡು, ಇನ್ನೊಬ್ಬ ದಲಿತನ ಮಂಜೂರಾತಿ ಭೂಮಿ. ಎಷ್ಟೇ ಅಗ್ಗ ಇರಲಿ, ಮೂಲ ಮಂಜೂರಾತಿ ದಾಖಲೆ ಕೇಳಿ, ಪಿಟಿಸಿಎಲ್ ಕೇಸು ಇದೆಯಾ ಅಂತ ಎಸಿ ಕಚೇರಿಯಲ್ಲಿ ವಿಚಾರಿಸಿ. ಯಾರಾದ್ರೂ ಇಲ್ಲ ಅಂದ್ರೆ ಮೆಸೇಜು, ಕಾಲ್ ರೆಕಾರ್ಡು ಜೋಪಾನ ಮಾಡಿ. ಒಬ್ಬೊಬ್ಬರೇ ನುಂಗಿಕೊಂಡ ಅವಮಾನಗಳನ್ನ ಒಂದು ಕಡೆ ಸೇರಿಸೋಣ, ಅರ್ಜಿ ಮಾಡೋಣ.

ನಮ್ಮ ಹುಡುಕಾಟ ಇನ್ನೂ ಮುಗಿದಿಲ್ಲ. ಟ್ಯಾಂಕರ್ ನೀರಾದರೂ ಸರಿ, ಎರಡು ಬಸ್ಸು ಬದಲಿಸಿದರೂ ಸರಿ. ಬಾಬಾಸಾಹೇಬರು ಮಾತ್ರ ಹಾಲಲ್ಲೇ ಇರ್ತಾರೆ.

ಜೈಭೀಮ್.