ಅಳಿದ ಜೀವಿಗಳನ್ನು ಮರಳಿ ಕರೆಯಬೇಕೆ?

ಶುಕ್ರಾಚಾರ್ಯರ ಮೃತಸಂಜೀವಿನಿಯ ಕಥೆಯನ್ನು ಕೇಳದವರು ನಮ್ಮಲ್ಲಿ ವಿರಳ. ಆ ವಿದ್ಯೆ ಈಗ ಪ್ರಯೋಗಶಾಲೆಗೆ ಬಂದಿತೇನೋ ಎಂಬ ಭ್ರಮೆಯನ್ನು ಹುಟ್ಟಿಸುವ ವಾರ್ತೆಗಳು ಪದೇ ಪದೇ ಪ್ರಕಟವಾಗುತ್ತಿವೆ. "ಡೈನೋಸಾರುಗಳನ್ನೂ ಹಾಗೆಯೇ ಬದುಕಿಸಬಹುದಲ್ಲವೆ, ಸರ್?" ಎಂದು ನನ್ನ ವಿದ್ಯಾರ್ಥಿಗಳು ಕೇಳುವುದುಂಟು. ಈ ಒಂದು ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ: ಸಾಧ್ಯವೆ? ಸಾಧುವೆ?

ಮೊದಲನೆಯದಕ್ಕೆ ಭೌತಶಾಸ್ತ್ರವೇ ಅರ್ಧ ಉತ್ತರವನ್ನು ಕೊಡುತ್ತದೆ. ವಿಕಿರಣಶೀಲ ಧಾತುವಿಗಿರುವಂತೆ ಸತ್ತ ಜೀವಿಯ ಡಿ.ಎನ್.ಎ.ಗೂ ಒಂದು ಬಗೆಯ ಅರ್ಧಾಯು ಉಂಟು. ನ್ಯೂಜಿಲೆಂಡಿನ ಮೋವಾ ಹಕ್ಕಿಗಳ ಮೂಳೆಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಆ ನೆಲದ ಹವೆಯಲ್ಲಿ ಗೊತ್ತಾದ ಉದ್ದದ ತುಣುಕಿಗೆ ಅದು ಸುಮಾರು 521 ವರ್ಷಗಳೆಂದು 2012ರಲ್ಲಿ ಗಣಿಸಿದರು. ಚಳಿ ಹೆಚ್ಚಿದಂತೆ ಈ ಅವಧಿಯೂ ಹೆಚ್ಚುತ್ತದೆ. ಆದುದರಿಂದಲೇ ಹಿಮದಲ್ಲಿ ಹೂತುಹೋದ ಮ್ಯಾಮತ್‌ಗಳ ಡಿ.ಎನ್.ಎ. ನಮಗೆ ದೊರೆತಿದೆ. ಆದರೆ ಡೈನೋಸಾರುಗಳು ಅಳಿದು 6.6 ಕೋಟಿ ವರ್ಷಗಳಾದುವು. ಅಲ್ಲಿ ಓದಬಲ್ಲ ಒಂದು ಸಾಲೂ ಉಳಿದಿರಲಾರದು.

ಸಮೀಪಕಾಲದಲ್ಲಿ ಅಳಿದವುಗಳ ಮಾತು ಬೇರೆ. ಸ್ಪೇನ್ ದೇಶದ ಪಿರನೀಸ್ ಪರ್ವತಗಳಲ್ಲಿ ಬುಕಾರ್ಡೋ ಎಂಬ ಕಾಡುಮೇಕೆಯ ಉಪಜಾತಿಯೊಂದಿತ್ತು. ಬೇಟೆಯಿಂದ ಕ್ಷೀಣಿಸಿದ ಆ ಕುಲದ ಕಡೆಯ ಹೆಣ್ಣು 2000ದ ಜನವರಿಯಲ್ಲಿ, ಉರುಳಿದ ಮರದಡಿ ಸಿಕ್ಕಿ ಸತ್ತಿತು. ಹಿಂದಿನ ವರ್ಷವೇ ಅದರ ಚರ್ಮದಿಂದ ತೆಗೆದ ಜೀವಕೋಶಗಳನ್ನು ಶೈತ್ಯದಲ್ಲಿ ಕಾಪಾಡಿದ್ದರು. ಅವುಗಳ ಕೋಶಕೇಂದ್ರವನ್ನು ಸಾಕುಮೇಕೆಯ ಅಂಡಾಣುಗಳಲ್ಲಿರಿಸಿ, ಹಾಗೆ ದೊರೆತ ಭ್ರೂಣಗಳನ್ನು ಹತ್ತಿರದ ಕುಲದ ಅನೇಕ ಮೇಕೆಗಳ ಗರ್ಭದಲ್ಲಿ ನೆಲೆಗೊಳಿಸಿದರು. 2003ರಲ್ಲಿ ಒಂದೇ ಒಂದು ಮರಿ ಹುಟ್ಟಿತು. ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷಗಳಲ್ಲಿ ಅಸುನೀಗಿತು. ಬದುಕಿದ್ದರೂ ಅದಕ್ಕೆ ಜೊತೆಯಾಗಲು ಗಂಡು ಎಲ್ಲಿತ್ತು?

2025ರಲ್ಲಿ ಅಮೆರಿಕದ ಸಂಸ್ಥೆಯೊಂದು, ಹಿಮಯುಗದ ಡೈರ್ ತೋಳ ಮರಳಿತೆಂದು ಸಾರಿತು. ವಾಸ್ತವವಾಗಿ ಆ ಮರಿಗಳು 14 ಜೀನುಗಳಲ್ಲಿ 20 ತಿದ್ದುಪಡಿಗಳನ್ನು ಪಡೆದ ಬೂದು ತೋಳಗಳು. ಕೌಶಲ ಮೆಚ್ಚತಕ್ಕದ್ದು; ಹೆಸರು ಒಪ್ಪತಕ್ಕದ್ದಲ್ಲ.

ಇನ್ನು ಎರಡನೆಯ ಪ್ರಶ್ನೆ. ನಾವು ಕೊಂದುದನ್ನು ನಾವೇ ಮರಳಿಸುವುದು ಪ್ರಾಯಶ್ಚಿತ್ತವಲ್ಲವೆ ಎಂದು ಕೆಲವರು ವಾದಿಸುತ್ತಾರೆ. ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಪ್ರಾಯಶ್ಚಿತ್ತದ ನೋವನ್ನು ಉಣ್ಣುವವರು ಯಾರು? ಗರ್ಭವನ್ನು ಕಳೆದುಕೊಂಡ ಮೇಕೆಗಳು, ಉಸಿರಾಡಲಾರದ ಮರಿ, ನಾವಲ್ಲ. ಮೇಲಾಗಿ, ಅಳಿದರೂ ಮತ್ತೆ ತರಬಹುದೆಂಬ ನಂಬಿಕೆ ಬೇರೂರಿದರೆ, ಇರುವ ಕಾಡನ್ನು ಕಡಿಯುವ ಕೈಗೆ ಅಂಜಿಕೆಯೇ ಇರದು.

ಈ ವಿದ್ಯೆಯನ್ನು ತೊರೆಯಬೇಕೆಂಬುದು ನನ್ನ ಮತವಲ್ಲ. ಅಮೆರಿಕದ ಕರಿಗಾಲಿನ ಫೆರೆಟ್ ಎಂಬ ಪ್ರಾಣಿ ಏಳೇ ಜೀವಿಗಳ ಸಂತತಿಯಾಗಿ ಉಳಿದಿತ್ತು. ಆ ಏಳರಲ್ಲಿ ಸೇರದ ಹೆಣ್ಣೊಂದರಿಂದ 1988ರಲ್ಲಿ ತೆಗೆದು ಕಾಪಾಡಿದ್ದ ಜೀವಕೋಶಗಳಿಂದ 2020ರಲ್ಲಿ ಮರಿಯನ್ನು ಪಡೆದರು. ಹಾಗೆಯೇ ಹುಟ್ಟಿದ ಇನ್ನೊಂದು ಹೆಣ್ಣು 2024ರಲ್ಲಿ ತಾಯಿಯಾಯಿತು. ಕುಗ್ಗಿದ ಕುಲಕ್ಕೆ ಹೊಸ ರಕ್ತ ಬಂದಿತು. ಅತ್ತ ಪಿರನೀಸ್‌ನ ಫ್ರಾನ್ಸ್ ಭಾಗದಲ್ಲಿ, 2014ರಿಂದ ಬುಕಾರ್ಡೋವಿನ ಜೀವಂತ ದಾಯಾದಿಗಳನ್ನೇ ತಂದು ಬಿಟ್ಟರು. ಅವು ಮರಿಹಾಕಿ ಹೆಚ್ಚಿವೆ.

ತರುಣ ವಾಚಕರಲ್ಲಿ ನಾಳಿನ ಜೀವವಿಜ್ಞಾನಿಗಳಿರಬಹುದು. ಅವರು ಈ ವಿದ್ಯೆಯನ್ನು ಅಗತ್ಯವಾಗಿ ಕಲಿಯಲಿ. ಆದರೆ ಅದನ್ನು ಮೊದಲು ಉಸಿರಿರುವ ಜೀವಿಗಳಿಗಾಗಿ ಬಳಸಲಿ.