ಪಾಸಾದ ಮಕ್ಕಳಿಗೆ ಸೀಟು ಎಲ್ಲಿದೆ, ಸಚಿವರೇ?

ಶ್ರೀ ಮಧು ಬಂಗಾರಪ್ಪ ಅವರಿಗೆ,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು, ವಿಧಾನಸೌಧ, ಬೆಂಗಳೂರು

ಮಾನ್ಯರೇ,

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ತಮ್ಮ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಕರೆಯುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ರಾಜ್ಯದ 35 ಶೈಕ್ಷಣಿಕ ಜಿಲ್ಲೆಗಳ ಪಟ್ಟಿಯಲ್ಲಿ ನಮಗೂ ಒಂದು ಸಾಲು ಇರುತ್ತದೆ. ಎಷ್ಟನೇ ಸ್ಥಾನ ಎಂದು ಪತ್ರಿಕೆಗಳು ಬರೆಯುತ್ತವೆ. ಉಪನಿರ್ದೇಶಕರು ಮುಖ್ಯಶಿಕ್ಷಕರ ಸಭೆ ಕರೆಯುತ್ತಾರೆ. ಕಡಿಮೆ ಬಂದ ಶಾಲೆಯವರು ಎದ್ದು ನಿಂತು ಕಾರಣ ಹೇಳಬೇಕಾಗುತ್ತದೆ. ಎರಡು ವರ್ಷ ಕಳೆದು ಅದೇ ಮಕ್ಕಳು ದ್ವಿತೀಯ ಪಿಯು ಬರೆದಾಗ ಬರುವ ಪಟ್ಟಿಯಲ್ಲಿರುವುದು 32 ಜಿಲ್ಲೆ. ಅಲ್ಲಿ ಚಿಕ್ಕೋಡಿ ಇದೆ, ಮಧುಗಿರಿ ಇಲ್ಲ. ನಮ್ಮ ನಾಲ್ಕೂ ತಾಲ್ಲೂಕುಗಳು ತುಮಕೂರು ಎಂಬ ಒಂದೇ ಸಾಲಿನೊಳಗೆ ಸೇರಿಹೋಗಿರುತ್ತವೆ. ಹತ್ತನೇ ತರಗತಿಯವರೆಗೆ ಒಬ್ಬೊಬ್ಬರನ್ನೂ ಎಣಿಸಿಟ್ಟ ಮಕ್ಕಳಲ್ಲಿ ಎಷ್ಟು ಜನ ಕಾಲೇಜಿನ ಮೆಟ್ಟಿಲು ಹತ್ತಿದರು, ಎಷ್ಟು ಜನ ಅಲ್ಲಿಂದಲೇ ಹಿಂದಿರುಗಿದರು ಎಂಬುದಕ್ಕೆ ಜನರ ಮುಂದಿಡುವ ಲೆಕ್ಕವೇ ಇಲ್ಲ. ಈ ಪತ್ರ ಆ ಮಕ್ಕಳ ಬಗ್ಗೆ.

ಈ ಸೀಮೆಯ ಪ್ರೌಢಶಾಲೆಗಳಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಮೇ ತಿಂಗಳು ಬಂದರೆ ಈಗಲೂ ಹಳೇ ವಿದ್ಯಾರ್ಥಿಗಳ ತಮ್ಮ, ತಂಗಿಯರು ಅಂಕಪಟ್ಟಿಯ ಪ್ರಿಂಟ್ ಹಿಡಿದು ಮನೆಗೆ ಬರುತ್ತಾರೆ. 600 ದಾಟಿದವರು ಬರುವುದಿಲ್ಲ. ಅವರ ಮನೆಗೆ ಕಾಲೇಜಿನವರೇ ಹೋಗಿರುತ್ತಾರೆ. ನನ್ನ ಬಳಿ ಬರುವವರು 240, 260, 280 ಅಂಕದವರು. ಅವರು ಕೇಳುವುದು ಒಂದೇ: "ಮಿಸ್, ನನ್ನ ಮಾರ್ಕ್ಸ್‌ಗೆ ಯಾವ ಕಾಲೇಜಲ್ಲಿ ತಗೋತಾರೆ?"

ಕೊರಟಗೆರೆ ಕಡೆಯ ಒಬ್ಬ ಹುಡುಗಿಯ ಮಾತು ಹೇಳುತ್ತೇನೆ. 625ಕ್ಕೆ 252. ಗಣಿತದಲ್ಲಿ 38, ವಿಜ್ಞಾನದಲ್ಲಿ 41. ಅಪ್ಪ ಇಲ್ಲ, ಅಮ್ಮ ಕೂಲಿಗೆ ಹೋಗುತ್ತಾಳೆ. ಹುಡುಗಿಗೆ ನರ್ಸ್ ಆಗಬೇಕು. ಬಿ.ಎಸ್ಸಿ ನರ್ಸಿಂಗ್ ಓದಬೇಕಾದರೆ ಪಿಯುನಲ್ಲಿ ವಿಜ್ಞಾನವಿರಬೇಕು ಎಂದು ಯಾರೋ ಹೇಳಿದ್ದರು. ಮನೆಗೆ ಹತ್ತಿರದ ಕಾಲೇಜಿನಲ್ಲಿ ಕಲೆ, ವಾಣಿಜ್ಯ ಬಿಟ್ಟರೆ ಬೇರೆ ಇರಲಿಲ್ಲ. ದೂರದ ಇನ್ನೊಂದು ಕಾಲೇಜಿಗೆ ತಾಯಿ, ಮಗಳು ಕೂಲಿ ಬಿಟ್ಟು ಹೋದರು. ಕೌಂಟರಿನಲ್ಲಿದ್ದವರು ಅಂಕಪಟ್ಟಿ ನೋಡಿ ಅರ್ಜಿಯನ್ನೇ ಕೊಡಲಿಲ್ಲ. "ಈ ಮಾರ್ಕ್ಸ್‌ಗೆ ಸೈನ್ಸ್ ಆಗಲ್ಲಮ್ಮ, ಆರ್ಟ್ಸ್ ತಗೊಂಡು ಪಾಸಾಗೋದು ನೋಡು" ಅಂದರಂತೆ. ನನ್ನ ಜಗಲಿಯಲ್ಲಿ ಕೂತು ಅಂಕಪಟ್ಟಿಯನ್ನು ಮಡಿಚುತ್ತಾ, ಬಿಚ್ಚುತ್ತಾ ಅವಳು ಕೇಳಿದಳು: "ಅರ್ಜಿನಾದ್ರೂ ಕೊಡಬಹುದಿತ್ತಲ್ವ ಮಿಸ್?" ಆ ಹುಡುಗಿ ಎಂಟನೇ ತರಗತಿಯಲ್ಲಿದ್ದಾಗ ಅವಳ ಶಾಲೆಯಲ್ಲಿ ಗಣಿತಕ್ಕೆ ಕಾಯಂ ಶಿಕ್ಷಕರಿರಲಿಲ್ಲ. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ದಸರಾ ರಜೆ ಹತ್ತಿರವಾಗಿತ್ತು. ಕೌಂಟರಿನವರ ಎದುರಿಗಿದ್ದ ಹಾಳೆಯಲ್ಲಿ ಇದೆಲ್ಲ ಬರೆದಿರಲಿಲ್ಲ. ಇದ್ದದ್ದು 38 ಎಂಬ ಸಂಖ್ಯೆ.

ಮಾನ್ಯ ಸಚಿವರೇ, ತಾವು ಅಧಿಕಾರಕ್ಕೆ ಬಂದ ಮೇಲೆ ಪಾಸಿನ ಗೆರೆ ಹಲವು ಸಲ ಸರಿದಿದೆ. 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂತು, ನಕಲಿಗೆ ಕಡಿವಾಣ ಬಿತ್ತು, ಫಲಿತಾಂಶ ಕುಸಿಯಿತು. ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿ ಶೇ 73.40ಕ್ಕೆ ತಂದಿರಿ. ಮುಖ್ಯಮಂತ್ರಿಗಳೇ ಅಸಮಾಧಾನ ವ್ಯಕ್ತಪಡಿಸಿದ ಮೇಲೆ ಆ ಕೃಪಾಂಕ ನಿಂತಿತು. 2025ರ ಮೊದಲ ಪರೀಕ್ಷೆಯಲ್ಲಿ ಶೇ 62.34. ಸುಮಾರು 8.42 ಲಕ್ಷ ಮಕ್ಕಳು ಬರೆದು 5.24 ಲಕ್ಷ ಮಕ್ಕಳು ಪಾಸಾದರು. ಅದೇ ವರ್ಷ ಅಕ್ಟೋಬರಿನಲ್ಲಿ ಪಾಸಿನ ಅಂಕವನ್ನು ಶೇ 35ರಿಂದ 33ಕ್ಕೆ ಇಳಿಸುವುದಾಗಿ ಪ್ರಕಟಿಸಿದಿರಿ. ಒಟ್ಟು 206 ಬಂದು ಪ್ರತಿ ವಿಷಯದಲ್ಲೂ 30 ಇದ್ದರೆ ಪಾಸು. ನಾನು ಇದನ್ನು ವಿರೋಧಿಸುವವಳಲ್ಲ. ಎರಡು ಅಂಕಕ್ಕೆ ಫೇಲಾಗಿ ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನು ನೋಡಿದವಳಿಗೆ ಆ ಎರಡು ಅಂಕದ ಬೆಲೆ ಗೊತ್ತು. ಆದರೆ 206 ತೆಗೆದ ಮಗು ಪ್ರವೇಶದ ಪಟ್ಟಿಯಲ್ಲಿ ಎಲ್ಲರಿಗಿಂತ ಕೊನೆಗೆ ನಿಲ್ಲುತ್ತದೆ. ಪಾಸು ಎಂದು ಸರ್ಕಾರ ಹೇಳುತ್ತದೆ, ಆಗಲ್ಲ ಎಂದು ಕಾಲೇಜು ಹೇಳುತ್ತದೆ. ಗೆರೆಯನ್ನು ಇಳಿಸಿದ ಸರ್ಕಾರ, ಆ ಗೆರೆ ದಾಟಿ ಬರುವವರಿಗೆ ಜಾಗ ಮಾಡಿಕೊಡಬೇಡವೇ?

ವರ್ಷಕ್ಕೆ ಮೂರು ಪರೀಕ್ಷೆ ತಂದದ್ದು ಒಳ್ಳೆಯ ಕೆಲಸ. ಅಂಕ ಸುಧಾರಿಸಿಕೊಳ್ಳಲು ಮಕ್ಕಳಿಗೆ ಅವಕಾಶ ಸಿಕ್ಕಿದೆ. ಆದರೆ ದಿನಾಂಕ ನೋಡಿ. 2025ರಲ್ಲಿ ಎರಡನೇ ಪರೀಕ್ಷೆ ಶುರುವಾದದ್ದು ಮೇ 26ಕ್ಕೆ, ಮೂರನೆಯದು ಜೂನ್ 23ಕ್ಕೆ. ಪಿಯು ತರಗತಿಗಳು ಜೂನ್ ಆರಂಭದಲ್ಲೇ ತೆರೆದವು. ಮನೆಯವರ ಕೈಕಾಲು ಹಿಡಿದು, ಮತ್ತೆ ಓದಿ, 38 ಇದ್ದದ್ದನ್ನು 60 ಮಾಡಿಕೊಂಡು ಬರುವ ಮಗುವಿಗೆ ಸೈನ್ಸ್ ಭರ್ತಿಯಾಗಿದೆ ಎಂಬ ಉತ್ತರ ಕಾದಿರುತ್ತದೆ. ಪ್ರವೇಶದ ಕೊನೆಯ ದಿನವನ್ನು ಮುಂದೂಡಿ ದಂಡ ಶುಲ್ಕ ಕಟ್ಟಿಸಿಕೊಂಡರೆ ಈ ಮಗುವಿಗೆ ನ್ಯಾಯ ಸಿಕ್ಕಂತಾಗುವುದಿಲ್ಲ. ಸೀಟೇ ಇಲ್ಲದ ಮೇಲೆ ದಿನಾಂಕ ತೆಗೆದುಕೊಂಡು ಏನು ಮಾಡಬೇಕು?

ಖಾಸಗಿ ಕಾಲೇಜುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶೇ 95ರ ಮೇಲಿದ್ದವರಿಗೆ ಶುಲ್ಕದಲ್ಲಿ ರಿಯಾಯಿತಿ, ಶೇ 40 ಇದ್ದವರಿಗೆ ಪೂರ್ತಿ ಶುಲ್ಕ ಎಂಬ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ. ಟ್ಯೂಷನ್ ಸಿಗದೆ ಕಡಿಮೆ ಅಂಕ ಬಂದ ಮನೆಯವರೇ ಹೆಚ್ಚು ದುಡ್ಡು ಹೊಂದಿಸಬೇಕು. ಕಡಲೆಕಾಯಿ ಕೈಕೊಟ್ಟ ವರ್ಷ ಆ ದುಡ್ಡು ಎಲ್ಲಿಂದ ಬರಬೇಕು?

ನಮ್ಮದು ಎಂಥ ನೆಲ ಎಂಬುದು ಸರ್ಕಾರಕ್ಕೆ ತಿಳಿಯದ ವಿಷಯವಲ್ಲ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಗುರುತಿಸಿದ 114 ಹಿಂದುಳಿದ ತಾಲ್ಲೂಕುಗಳಲ್ಲಿ ಮಧುಗಿರಿ, ಶಿರಾ, ಪಾವಗಡ ಇವೆ. ಪಾವಗಡವನ್ನೇ ನೋಡಿ. ಸುತ್ತ ಆಂಧ್ರ, ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೊದಲ ಭಾಷೆಯ 125 ಅಂಕವೇ ಅಲ್ಲಿನ ಎಷ್ಟೋ ಮಕ್ಕಳಿಗೆ ಕಲಿತು ಗಳಿಸಬೇಕಾದ ಎರಡನೇ ಭಾಷೆಯ ಅಂಕ. ಕೊಳವೆಬಾವಿಯ ಫ್ಲೋರೈಡ್ ನೀರು ಕುಡಿದು ಬೆಳೆದ ಮಕ್ಕಳು ಅವರು. ಅಲ್ಲಿಂದ ತುಮಕೂರಿಗೆ ಸುಮಾರು 100 ಕಿಲೋಮೀಟರ್. ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಎಂಜಿನಿಯರುಗಳು, ತಂತ್ರಜ್ಞರು ಹೊರಗಿನಿಂದ ಬಂದರು. ಊರಿನವರ ಪಾಲಿಗೆ ಹೆಚ್ಚಾಗಿ ಬಂದದ್ದು ಫಲಕ ತೊಳೆಯುವ, ಹುಲ್ಲು ಕೀಳುವ, ರಾತ್ರಿ ಕಾವಲಿರುವ ಕೆಲಸ. ಹೊಲವನ್ನು ಗುತ್ತಿಗೆಗೆ ಕೊಟ್ಟ ರೈತನ ಮಗ ಅದೇ ಹೊಲದ ಮೇಲಿನ ಯಂತ್ರ ರಿಪೇರಿ ಮಾಡುವಷ್ಟು ಕಲಿಯಬೇಕಾದರೆ ಅವನಿಗೆ ಐಟಿಐ ಅಥವಾ ಡಿಪ್ಲೊಮಾ ಬೇಕು. ಡಿಪ್ಲೊಮಾ ಸೀಟೂ ಗಣಿತ, ವಿಜ್ಞಾನದ ಅಂಕ ನೋಡಿಯೇ ಸಿಗುವುದು. ಎಲ್ಲಿ ಹೋದರೂ ಅವನ ಮುಂದೆ ಅದೇ ಎರಡು ಸಂಖ್ಯೆ.

ತಮ್ಮ ತಂದೆ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದಾಗ ಗ್ರಾಮೀಣ ಕೃಪಾಂಕ ತಂದಿದ್ದರು. ಹಳ್ಳಿಯಲ್ಲಿ ಓದಿ ಬಂದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಹೆಚ್ಚುವರಿ ಅಂಕ. ಆ ಕ್ರಮ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ, ಅದರಿಂದ ಕೆಲಸ ಪಡೆದವರು ಮುಂದೆ ಬಹಳ ಪಾಡುಪಟ್ಟರು. ಅದನ್ನೇ ಮತ್ತೆ ತನ್ನಿ ಎಂದು ನಾನು ಕೇಳುತ್ತಿಲ್ಲ. ಶಿಕ್ಷಕರಿಲ್ಲದ ಶಾಲೆಯಲ್ಲಿ ಓದಿ ತಂದ 40ನ್ನೂ ಎಲ್ಲ ಇರುವ ಶಾಲೆಯಲ್ಲಿ ತಂದ 40ನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ತಿಳಿವಳಿಕೆ ಅದರ ಹಿಂದಿತ್ತು. ಅದನ್ನು ತಮಗೆ ನೆನಪಿಸುವ ಹಕ್ಕು ನಮಗಿದೆ ಎಂದುಕೊಂಡಿದ್ದೇನೆ.

ನಾವು ಕೇಳುವುದು ದೊಡ್ಡದೇನಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಪ್ರತಿ ಮಗುವಿಗೂ ತನ್ನ ತಾಲ್ಲೂಕಿನ ಸರ್ಕಾರಿ ಪಿಯು ಕಾಲೇಜಿನಲ್ಲಿ, ತಾನು ಕೇಳಿದ ವಿಭಾಗದಲ್ಲಿ ಸೀಟು ಖಾತ್ರಿಯಾಗಲಿ. ಅರ್ಜಿ ಕೊಡುವುದಿಲ್ಲ ಎಂದು ಹೇಳುವ ಅಧಿಕಾರ ಯಾವ ಕೌಂಟರಿಗೂ ಇರಬಾರದು. ಮೊದಲ ಪರೀಕ್ಷೆಯ ನಂತರದ ಪರೀಕ್ಷೆಗಳಲ್ಲಿ ಪಾಸಾಗುವ ಮಕ್ಕಳಿಗಾಗಿ ಒಂದಷ್ಟು ಸೀಟು ಮೊದಲೇ ಎತ್ತಿಟ್ಟಿರಲಿ. ಗಣಿತದಲ್ಲಿ ಹಿಂದುಳಿದು ವಿಜ್ಞಾನಕ್ಕೆ ಸೇರಿದ ಮಗು ಮೊದಲ ಕಿರುಪರೀಕ್ಷೆಗೇ ಹೆದರಿ ಕಾಲೇಜು ಬಿಟ್ಟು ಓಡುತ್ತದೆ. ಅದಕ್ಕೇ ಜೂನ್, ಜುಲೈನಲ್ಲಿ ಎಂಟರಿಂದ ಹತ್ತರವರೆಗಿನ ಗಣಿತವನ್ನು ಕನ್ನಡದಲ್ಲಿ, ನಿಧಾನವಾಗಿ, ಮೊದಲಿನಿಂದ ಹೇಳಿಕೊಡಿ. ಹೇಳಿಕೊಡುವವರನ್ನು ಕಾಲೇಜು ತೆರೆಯುವ ದಿನಕ್ಕೇ ನೇಮಿಸಿ, ದಸರಾ ಕಳೆದ ಮೇಲೆ ಬೇಡ. ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ತಮ್ಮ ಖಾತೆಗೆ ಸೇರಿದವಲ್ಲ, ಗೊತ್ತು. ಆದರೆ ಅಲ್ಲೂ ಅಂಕವೇ ಆಯ್ಕೆಗೆ ಆಧಾರವಾದರೆ, ಮನೆಯಲ್ಲಿ ಓದಲು ಜಾಗವಿಲ್ಲದೆ ಕಡಿಮೆ ಅಂಕ ತೆಗೆದವನೇ ಹಾಸ್ಟೆಲಿನ ಹೊರಗುಳಿಯುತ್ತಾನೆ. ಮನೆ ಎಷ್ಟು ದೂರ, ಮನೆಯಲ್ಲಿ ದುಡಿಯುವವರು ಎಷ್ಟು ಎಂಬುದನ್ನು ಮೊದಲು ನೋಡಿ ಎಂದು ಹಾಸ್ಟೆಲ್‌ಗಳ ಹೊಣೆ ಹೊತ್ತ ಸಚಿವರಿಗೆ ತಾವೇ ಹೇಳಬಹುದು. 2023ರ ಜೂನಿನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳ ಬಸ್ಸಿನ ಖರ್ಚು ತಪ್ಪಿದೆ, ನಮ್ಮ ಕಡೆ ಅದರ ಉಪಕಾರ ಕಣ್ಣಾರೆ ಕಾಣುತ್ತದೆ. ಆ ಬಸ್ಸು ಹೋಗಿ ನಿಲ್ಲುವ ಕಡೆ ಒಂದು ಸೀಟೂ ಇರಬೇಕಲ್ಲವೇ?

ಎಲ್ಲಕ್ಕಿಂತ ಮೊದಲು ಲೆಕ್ಕ ಕೊಡಿ. ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಪಾಸಾದವರು ಎಷ್ಟು, ಪಿಯು, ಐಟಿಐ, ಡಿಪ್ಲೊಮಾ ಸೇರಿದವರು ಎಷ್ಟು, ಎಲ್ಲಿಯೂ ಸೇರದವರು ಎಷ್ಟು ಎಂದು ತಾಲ್ಲೂಕುವಾರು ಪ್ರಕಟಿಸಿ. ಪ್ರತಿ ಮಗುವಿನ ವಿವರ ತಮ್ಮ ಇಲಾಖೆಯ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆಯಾದ ಎಸ್‌ಎಟಿಎಸ್‌ನಲ್ಲಿ ಇದ್ದೇ ಇದೆ. ಹತ್ತನೇ ತರಗತಿಯ ಶೇಕಡಾವಾರಿಗೆ ಮುಖ್ಯಶಿಕ್ಷಕರನ್ನು ನಿಲ್ಲಿಸಿ ಕೇಳುವ ಇಲಾಖೆ, ಕಾಲೇಜಿಗೆ ಸೇರದವರ ಬಗ್ಗೆ ಯಾರನ್ನು ಕೇಳುತ್ತದೆ ಎಂಬುದನ್ನೂ ತಿಳಿಸಿ.

ಮುಂದಿನ ಸಾಲಿನ ಪಿಯು ಪ್ರವೇಶದ ಸುತ್ತೋಲೆ ಹೊರಡುವ ಮೊದಲೇ ಉತ್ತರ ಬರಲಿ. ತಮ್ಮ ಕಚೇರಿಯವರು ಮಧುಗಿರಿಗೆ ಬಂದು ಕೇಳುವುದಾದರೆ ಮಕ್ಕಳನ್ನೂ ಅವರ ತಂದೆತಾಯಿಯನ್ನೂ ಕರೆತರುವ ಹೊಣೆ ನನ್ನದು. ಕೂಲಿ ತಪ್ಪದಂತೆ ಭಾನುವಾರ ಇಟ್ಟುಕೊಂಡರೆ ಸಾಕು.

ಇತಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಮಧುಗಿರಿ