ಬೋರ್ಡ್ ಅದ, ಒಳಗ ಪಾಠ ಎಲ್ಲಿ ಅದ?

ನಮ್ಮಲ್ಲೊಬ್ಬ ಒಂದು ಮುಂಗಾರಿನಲ್ಲಿ ಬೆಳೆ ಸಮೀಕ್ಷೆಯ ಕೆಲಸಕ್ಕೆ ಹೋದ. ಪತ್ರಿಕೋದ್ಯಮದಲ್ಲಿ ಎಂ.ಎ. ಆಗಿತ್ತು, ಕೈಯಲ್ಲಿ ಮೊಬೈಲ್ ಇತ್ತು, ನೌಕರಿ ಇರಲಿಲ್ಲ. ಸರ್ವೆ ನಂಬರಿಗೆ ಇಷ್ಟು ಅಂತ ದುಡ್ಡು. ಆ್ಯಪ್ ತೆರೆ, ಹೊಲದಲ್ಲಿ ನಿಲ್ಲು, ಜಿಪಿಎಸ್ ಸಿಗುವ ತನಕ ಕಾಯಿ, ಫೋಟೊ ಹೊಡಿ, ಬೆಳೆಯ ಹೆಸರು ಒತ್ತು, ಅಪ್‌ಲೋಡ್ ಮಾಡು. ತರಬೇತಿ ಅರ್ಧ ದಿನ. ಆ ಅರ್ಧ ದಿನ ಪೂರ್ತಿ ಆ್ಯಪ್ ಒತ್ತುವುದನ್ನೇ ಕಲಿಸಿದರು. ಉದ್ದಿನ ಗಿಡ ಯಾವುದು, ಹೆಸರಿನ ಗಿಡ ಯಾವುದು ಅಂತ ಯಾರೂ ಹೇಳಲಿಲ್ಲ. ಹಳ್ಳಿ ಹುಡುಗ, ಗೊತ್ತಿದ್ದೇ ಇರುತ್ತದೆ ಅಂದುಕೊಂಡರು. ಅವನಿಗೆ ಗೊತ್ತಿರಲಿಲ್ಲ. ಹತ್ತನೇ ತರಗತಿಯಿಂದ ಹಾಸ್ಟೆಲಿನಲ್ಲಿ ಬೆಳೆದವನು, ಹೊಲ ನೋಡಿದ್ದು ಬಸ್ಸಿನ ಕಿಟಕಿಯಿಂದ.

ಚಿಂತಾಕಿ ಕಡೆಯ ಒಂದು ಹೊಲ. ಬಿತ್ತಿ ಮೂರು ವಾರ ಆಗಿತ್ತು. ಬದುವಿನ ಮೇಲೆ ನಿಂತಿದ್ದ ಹೊಲದ ಮಾಲೀಕರು ಕೇಳಿದರು, "ಯಾನ್ ಬರ್ದಿ ತಮ್ಮಾ?"

"ಹೆಸರು ಅಂತ ಬರ್ದಿನಿ ಕಾಕಾ."

ಕಾಕಾ ಬೈಯಲಿಲ್ಲ. ಬಗ್ಗಿ ಒಂದು ಎಲೆ ಹರಿದು ಅವನ ಕೈಗಿಟ್ಟರು. "ಮುಟ್ಟಿ ನೋಡು. ಎಲಿ ಮ್ಯಾಲ ಕೂದಲ ಅದಾವ. ಇದು ಉದ್ದು. ಕಾಯಿ ಆದಾಗ ಉದ್ದಿಂದು ಮ್ಯಾಲಕ್ಕ ನಿಲ್ತದ, ಹೆಸರಿಂದು ಜೋತು ಬೀಳ್ತದ. ನಿನ್ ಮೊಬೈಲ್ದಾಗ ಇದು ಇಲ್ಲೇನು?"

ಅಷ್ಟರೊಳಗೆ 40 ಸರ್ವೆ ನಂಬರ್ ಅಪ್‌ಲೋಡ್ ಆಗಿದ್ದವು.

ಇದರಲ್ಲಿ ಏನು ಮಹಾ ಅನ್ನಬೇಡಿ. ನೀವು ಉದ್ದಿಗೆ ವಿಮೆ ಕಟ್ಟಿದ್ದೀರಿ, ಸಮೀಕ್ಷೆಯಲ್ಲಿ ಹೆಸರು ಅಂತ ಕೂತಿದೆ. ಮಳೆ ಕೈಕೊಟ್ಟು ಅಥವಾ ಹೆಚ್ಚಾಗಿ ಬೆಳೆ ಹೋಯಿತು ಅನ್ನಿ. ಕಂಪ್ಯೂಟರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತದೆ, ತಾಳೆ ಆಗುವುದಿಲ್ಲ, ಅರ್ಜಿ ತಿರಸ್ಕೃತ. ನಮ್ಮ ಕಡೆ ಸೋಯಾದ ಸಾಲಿನ ನಡುವೆ ತೊಗರಿ ಹಾಕುತ್ತೇವೆ. ಫೋಟೊದಲ್ಲಿ ಎತ್ತರ ಕಂಡದ್ದು ಸೋಯಾ, ತೊಗರಿ ಇನ್ನೂ ಗೇಣುದ್ದ. ಹುಡುಗ ಸೋಯಾ ಅಂತ ಒತ್ತಿ ಮುಂದಿನ ಹೊಲಕ್ಕೆ ಹೋದರೆ ತೊಗರಿಯ ವಿಮೆಯ ಗತಿ ಏನು? ಆ್ಯಪ್ ತಪ್ಪು ಮಾಡಲಿಲ್ಲ. ಒತ್ತಿದ್ದನ್ನು ಬಹಳ ಶಿಸ್ತಿನಿಂದ ಬರೆದುಕೊಂಡಿತು. ಮೊದಲು ಪಟವಾರಿ ಚಾವಡಿಯಲ್ಲಿ ಕೂತು ತಪ್ಪು ಬರೆದರೆ ಊರಿಗೆಲ್ಲ ಗೊತ್ತಾಗುತ್ತಿತ್ತು, ಜಗಳ ಆಗುತ್ತಿತ್ತು. ಈಗಿನ ತಪ್ಪಿಗೆ ಜಿಪಿಎಸ್ ಅದ, ಫೋಟೊ ಅದ, ತಾರೀಖು ಅದ. ಯಾರ ಕೂಡ ಜಗಳ ಆಡ್ತೀರಿ?

ಆ ಹುಡುಗನೊಬ್ಬನ ತಪ್ಪು ಅಂತ ಬರೆದು ನಾವು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಉಳಿದ ನಾವೂ ಅವನ ಜಾಗದಲ್ಲಿ ಅದನ್ನೇ ಒತ್ತುತ್ತಿದ್ದೆವು. ನಮ್ಮ ಎಲ್ಲರ ಬಳಿ ಪದವಿ ಇದೆ. ಮೊದಲ ಸಲ ಪಹಣಿ ಓದಲು ಕೂತಾಗ ಅದರ ಕಾಲಂಗಳು ಅರ್ಥ ಆಗದೆ ನಮ್ಮ ಅಪ್ಪಂದಿರನ್ನು ಕೇಳಿದ್ದೇವೆ. ಎರಡು ವರ್ಷ ಸಂವಹನದ ಸಿದ್ಧಾಂತ ಓದಿ ಪಾಸಾದವರು ನಾವು.

ಭಾಲ್ಕಿಯ ಕಥೆ ನಿಮಗೆ ಗೊತ್ತು, ಆದರೂ ಹೇಳುತ್ತೇವೆ. ನಿಜಾಮರ ಕಾಲ. ಶಾಲೆ ಅಂದರೆ ಉರ್ದು. ಕನ್ನಡ ಕಲಿಸುತ್ತೇವೆ ಅಂದರೆ ಅನುಮತಿ ಸಿಗುವ ಮಾತಿರಲಿಲ್ಲ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಪಾಠ ಮಾಡಿಸಿದರು. ಬೋರ್ಡ್ ನೋಡಿದ ಅಧಿಕಾರಿಗೆ ಒಂದು ಶಾಲೆ, ಒಳಗೆ ಕೂತ ಮಕ್ಕಳಿಗೆ ಇನ್ನೊಂದು. ಈ ಕಥೆಯನ್ನು ನವೆಂಬರ್ ಒಂದಕ್ಕೆ ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಹೊಡೆಸುವುದು ನಮ್ಮ ಜಿಲ್ಲೆಯಲ್ಲಿ ರೂಢಿ. ಚಪ್ಪಾಳೆ ಹೊಡೆದು ಮನೆಗೆ ಬರುವಾಗ ದಾರಿಯ ಬೋರ್ಡ್‌ಗಳನ್ನು ನೋಡಿದ್ದೀರಾ? ಕಂಪ್ಯೂಟರ್ ಕೋರ್ಸ್, ಮೂರು ತಿಂಗಳು, ಸರ್ಟಿಫಿಕೇಟ್ ಖಾತ್ರಿ. ಸ್ಪೋಕನ್ ಇಂಗ್ಲಿಷ್, 45 ದಿನ. ಅಂದು ಬೋರ್ಡ್ ಸುಳ್ಳಿತ್ತು, ಪಾಠ ಖರೆ ಇತ್ತು. ಇಂದು ಬೋರ್ಡಿನ ಒಂದಕ್ಷರವೂ ಸುಳ್ಳಲ್ಲ. ಸರ್ಟಿಫಿಕೇಟ್ ಖಾತ್ರಿ ಅಂದರೆ ಖಾತ್ರಿಯೇ. ಕಲಿಕೆ ಖಾತ್ರಿ ಅಂತ ಅವರು ಎಲ್ಲೂ ಬರೆದಿಲ್ಲ.

ದೊಡ್ಡ ಅಂಗಡಿಯೂ ಇದೇ ವ್ಯಾಪಾರ ಮಾಡುತ್ತದೆ. ಎಸ್ಸೆಸ್ಸೆಲ್ಸಿ ನೋಡಿ. 2023ರಲ್ಲಿ ರಾಜ್ಯದ ಫಲಿತಾಂಶ ಶೇ 83.89. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು. ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ ಶೇ 20ಕ್ಕೆ ಏರಿಸಿದ ಮೇಲೆ! ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇನು? ಅದೇ ಮಕ್ಕಳು, ಅದೇ ಮೇಷ್ಟ್ರು. ಕಿಟಕಿಯಿಂದ ಬರುತ್ತಿದ್ದ ಚೀಟಿ ನಿಂತಿತು, ಅಷ್ಟೇ. ಇಲ್ಲಿ ಕ್ಯಾಮೆರಾಕ್ಕೆ ಸಲ್ಲಬೇಕಾದ ಮಾನ ಸಲ್ಲಲಿ, ಅದು ಖರೆ ತೋರಿಸಿತು. ಆದರೆ ಕ್ಯಾಮೆರಾ ಯಾವ ಮಗುವಿಗೂ ಭಾಗಾಕಾರ ಕಲಿಸಲಿಲ್ಲ. ಕಲಿಸಬೇಕಾದವರು ಕಲಿಸದೆ ಇದ್ದ ಹತ್ತು ವರ್ಷ ಹಾಗೇ ಉಳಿಯಿತು, ಅದನ್ನು ಮುಚ್ಚಲು ಕೃಪಾಂಕ ಬಂತು.

'ಅಸರ್' ಸಮೀಕ್ಷೆಯವರು 2023ರಲ್ಲಿ ದೇಶದ 28 ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನ ಮಕ್ಕಳ ಮನೆಗೇ ಹೋಗಿ ಪುಸ್ತಕ ಕೊಟ್ಟು ಓದಿಸಿದರು. ನಾಲ್ಕರಲ್ಲಿ ಒಬ್ಬರಿಗೆ ತಮ್ಮ ಭಾಷೆಯಲ್ಲಿ ಎರಡನೇ ತರಗತಿಯ ಪಾಠ ಸರಾಗವಾಗಿ ಓದಲು ಬರಲಿಲ್ಲ. ಮೂರಂಕಿಯನ್ನು ಒಂದಂಕಿಯಿಂದ ಭಾಗಿಸುವ ಲೆಕ್ಕ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಆಗಲಿಲ್ಲ. ಹತ್ತರಲ್ಲಿ ಸುಮಾರು ಒಂಬತ್ತು ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಮೊಬೈಲ್ ಮನೆಗೆ ಬಂದರೆ ವಿದ್ಯೆ ತಾನಾಗಿ ಬರುತ್ತದೆ ಅನ್ನುವವರು ಈ ಎರಡನ್ನೂ ಒಟ್ಟಿಗೆ ಓದಲಿ.

ಮೇಷ್ಟ್ರನ್ನು ಬೈಯಬೇಕೆಂದು ನಾವು ಬರೆಯುತ್ತಿಲ್ಲ. ಮಕ್ಕಳ ವಿವರ ತುಂಬುವುದು, ಬಿಸಿಯೂಟದ ಲೆಕ್ಕ ತುಂಬುವುದು, ನೆಟ್‌ವರ್ಕ್ ಸಿಗದೆ ಶಾಲೆಯ ಮಾಳಿಗೆ ಹತ್ತಿ ನಿಲ್ಲುವುದು. ಇದನ್ನೆಲ್ಲ ನಾವೇ ನೋಡಿದ್ದೇವೆ. ಕಾಲಂ ಖಾಲಿ ಇದ್ದರೆ ಮೇಲಿನಿಂದ ಫೋನ್ ಬರುತ್ತದೆ. ಮಗುವಿಗೆ ಓದಲು ಬರದಿದ್ದರೆ ಯಾರ ಫೋನೂ ಬರುವುದಿಲ್ಲ.

ಪಕ್ಕದ ಕಲಬುರಗಿಯಲ್ಲಿ ಏನಾಯಿತು ಅಂತ ನೆನಪಿದೆಯಲ್ಲ. 2021ರ ಅಕ್ಟೋಬರ್ 3ರಂದು 545 ಪಿಎಸ್‌ಐ ಹುದ್ದೆಗೆ ಪರೀಕ್ಷೆ. ಒಎಂಆರ್ ಹಾಳೆ ತಿದ್ದಿದ್ದು, ಬ್ಲೂಟೂತ್ ಇಟ್ಟುಕೊಂಡಿದ್ದು ಹೊರಬಂದು 2022ರ ಏಪ್ರಿಲ್‌ನಲ್ಲಿ ಸರ್ಕಾರ ಇಡೀ ಪರೀಕ್ಷೆ ರದ್ದು ಮಾಡಿತು. ರಾತ್ರಿ ಹಗಲು ಓದಿ ಬರೆದವರೂ ಅದರಲ್ಲೇ ಮುಳುಗಿದರು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕಾಗದವೇ ಎಲ್ಲ ಆದ ಕಡೆ ಕಾಗದ ಕದಿಯುವವರು ಹುಟ್ಟುತ್ತಾರೆ. ಪೆಟ್ಟು ತಿನ್ನುವವನು ಮಾತ್ರ ಓದಿದವನು.

ಹಳೆಯ ಮಾತೂ ಒಂದಿದೆ. ಬೀದರಿನಲ್ಲಿ 1472ರ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಸತ್ತದ್ದು ಹೇಗೆ? ಆಗದವರು ಅವನ ಮೊಹರು ಒತ್ತಿಸಿಕೊಂಡು ರಾಜದ್ರೋಹದ ಪತ್ರ ಸೃಷ್ಟಿಸಿದರು. ಮೊಹರು ಅಸಲಿ, ಮಾತು ನಕಲಿ. ಸುಲ್ತಾನ ಮೊಹರು ನೋಡಿದ, ಮನುಷ್ಯನನ್ನು ನೋಡಲಿಲ್ಲ. 1481ರಲ್ಲಿ ತಲೆ ಹೋಯಿತು. ನಮ್ಮ ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಆ ಮದರಸಾಕ್ಕೆ ಕರೆದೊಯ್ಯುತ್ತಾರೆ. ಗೋಡೆಯ ನೀಲಿ ಹೆಂಚು ತೋರಿಸುತ್ತಾರೆ, ಇದನ್ನೂ ಹೇಳಿದರೆ ಚೆನ್ನಾಗಿತ್ತು.

ಅದೇ ಊರಿನ ಇನ್ನೊಂದು ಓಣಿಗೆ ಹೋಗಿ. ಬಿದರಿ ಕೆಲಸ ನಡೆಯುತ್ತಿರುತ್ತದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ನುಣುಪು ಮಾಡುತ್ತಾರೆ, ಮೈಲುತುತ್ತ ಸವರಿ ಕಪ್ಪು ಮಾಡಿಕೊಂಡು ಅದರ ಮೇಲೆ ಉಳಿಯಿಂದ ಬಳ್ಳಿ ಬಿಡಿಸುತ್ತಾರೆ, ಆ ಗೀರಿನೊಳಗೆ ಬೆಳ್ಳಿ ತಂತಿ ಕೂಡಿಸಿ ಬಡಿಯುತ್ತಾರೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ಬಿಸಿನೀರು. ಸತು ಕಡುಗಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಯಾವ ಮಣ್ಣು ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಕುಶಲಕರ್ಮಿಗಳು ನಾಲಿಗೆಯ ಮೇಲಿಟ್ಟು ನೋಡುತ್ತಾರೆ. ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಕೆಲಸ ಅವರು ಕಲಿತದ್ದು ತಂದೆಯ ಕೈಯಿಂದ, ಅದು ಬಂದು ದಶಕಗಳಾದ ಮೇಲೆ ಪ್ರಶಸ್ತಿ ಬಂದದ್ದು. ಬಿದರಿಗೆ ಜಿಐ ಮಾನ್ಯತೆ ಸಿಕ್ಕದ್ದು 2006ರಲ್ಲಿ, ಬಿದರಿ ಇರುವುದು ಶತಮಾನಗಳಿಂದ. ಮೊದಲು ಕೈ, ಆಮೇಲೆ ಕಾಗದ. ಡಿಸೈನ್ ಈಗ ಕಂಪ್ಯೂಟರಿನಲ್ಲೂ ತೆಗೆಯಬಹುದು, ತೆಗೆಯಲಿ. ಮಣ್ಣಿನ ರುಚಿ ನೋಡುವ ನಾಲಿಗೆಯನ್ನು ಎಲ್ಲಿಂದ ಡೌನ್‌ಲೋಡ್ ಮಾಡುವುದು?

ಇಷ್ಟು ಹೇಳಿದರೆ ಕೆಲವರು ತಲೆದೂಗಿ, "ಅದಕ್ಕೇ ಹೇಳೋದು, ಓದು ಯಾಕೆ, ಅಪ್ಪನ ಕಸುಬೇ ಚಲೋ" ಅಂತಾರೆ. ಈ ಮಾತಿಗೆ ನಮ್ಮ ಒಪ್ಪಿಗೆ ಇಲ್ಲ. ಅಪ್ಪನ ಕಸುಬು ಅನ್ನುವ ಮಾತಿನ ಹಿಂದೆ ಜಾತಿ ಕೂತಿರುತ್ತದೆ. ಚಪ್ಪಲಿ ಹೊಲಿಯುವವರ ಮಗ ಹೊಲಿಯುತ್ತಲೇ ಇರಲಿ ಅನ್ನುವವರ ಮಕ್ಕಳು ಬೆಂಗಳೂರಿನಲ್ಲಿರುತ್ತಾರೆ. ನಮ್ಮ ಕಲ್ಯಾಣದ ಶರಣರು ಮಾದಾರ, ಅಂಬಿಗ, ಮೇದಾರ ಅಂತ ಕಾಯಕದ ಹೆಸರನ್ನು ಮುಂದಿಟ್ಟುಕೊಂಡೇ ಅನುಭವದ ಮಾತಾಡಿದರು. ಕೈಗೂ ತಲೆಗೂ ನಡುವೆ ಗೋಡೆ ಕಟ್ಟಲಿಲ್ಲ. ಬಡವರ ಮಗಳಿಗೆ, ತಾಂಡಾದ ಹುಡುಗನಿಗೆ ಸರ್ಟಿಫಿಕೇಟ್ ಒಂದು ರಕ್ಷಣೆ ಅನ್ನುವುದೂ ಖರೆ. 371 (ಜೆ) ಪ್ರಮಾಣಪತ್ರ ಇಲ್ಲದಿದ್ದರೆ ನಮ್ಮಲ್ಲೇ ಇಬ್ಬರು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಭೂಮಿ ತಂತ್ರಾಂಶ ಬಂದ ಮೇಲೆ ಪಹಣಿಗಾಗಿ ಒಬ್ಬರ ಮನೆ ಬಾಗಿಲು ಕಾಯುವುದು ತಪ್ಪಿತು. ಆದರೆ 371 (ಜೆ) ಸೀಟು ಕೊಡುತ್ತದೆ. ಆ ಸೀಟಿನಲ್ಲಿ ಕೂತವರಿಗೆ ಪಾಠ ಕೊಡಬೇಕಾದವರು ಬೇರೆ, ಅವರನ್ನು ಕೇಳುವವರೇ ಇಲ್ಲ.

ಉದ್ಯೋಗ ಖಾತರಿಯದೂ ಇದೇ ಹಾಡು. ಕಳ್ಳ ಹಾಜರಿ ತಡೆಯಲು 2023ರ ಜನವರಿಯಿಂದ ಎನ್‌ಎಂಎಂಎಸ್ ಆ್ಯಪ್ ಕಡ್ಡಾಯ ಆಯಿತು. ಕಾಯಕ ಬಂಧು ದಿನಕ್ಕೆ ಎರಡು ಸಲ ಫೋಟೊ ಹೊಡೆಯಬೇಕಿತ್ತು. ನೆಟ್‌ವರ್ಕ್ ಸಿಗದ ಕಡೆ ಖರೆ ದುಡಿದವರ ಹಾಜರಿ ಹೋಯಿತು. ಕಳ್ಳರು? 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ಒಪ್ಪಿಕೊಂಡಿತು. ಸಂಬಂಧವಿಲ್ಲದ ಚಿತ್ರ ಹಾಕುತ್ತಿದ್ದಾರೆ, ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ, ಒಂದೇ ಗುಂಪನ್ನು ಹಲವು ಎನ್‌ಎಂಆರ್‌ನಲ್ಲಿ ತೋರಿಸುತ್ತಿದ್ದಾರೆ ಅಂತ. ಪರಿಹಾರ ಏನು ಬಂತು ಗೊತ್ತೇ? ಆ ಫೋಟೊಗಳನ್ನು ಪಂಚಾಯಿತಿಯಲ್ಲಿ ಮನುಷ್ಯರು ಕೂತು ಪರಿಶೀಲಿಸಬೇಕು. ಸುತ್ತಿ ಸುತ್ತಿ ಕೆಲಸ ಬಲ್ಲ, ಸುಳ್ಳು ಹೇಳದ ಒಬ್ಬ ಮನುಷ್ಯನ ಹತ್ತಿರವೇ ಬಂದು ನಿಂತರು.

ಈಗ ಎಐ ಬಂದಿದೆ. ಪದವಿ ಮುಗಿಸಿದ ಹುಡುಗನೊಬ್ಬ ರಸ್ತೆಯ ಬಗ್ಗೆ ತಹಶೀಲ್ದಾರರಿಗೆ ಕೊಡಲು ಅರ್ಜಿ ತಂದು ನಮಗೆ ತೋರಿಸಿದ. ಮೊಬೈಲಿನಿಂದ ಬರೆಸಿದ್ದು. ಕನ್ನಡ ನಮ್ಮದಕ್ಕಿಂತ ಚಲೋ ಇತ್ತು. ಆದರೆ ಚಿಂತಾಕಿಯನ್ನು ಔರಾದ್ ಬಿಟ್ಟು ಬೀದರ್ ತಾಲೂಕಿಗೆ ಸೇರಿಸಿತ್ತು. ಎರಡು ಸಲ ಓದಿದರೂ ಅವನ ಕಣ್ಣಿಗೆ ಅದು ಬೀಳಲಿಲ್ಲ, ಯಾಕೆಂದರೆ ಅವನು ಓದಿರಲಿಲ್ಲ, ನೋಡಿದ್ದ. ಬಲ್ಲವರ ಕೈಗೆ ಈ ಯಂತ್ರ ಎತ್ತಿನ ಬಲ. ಅರಿಯದವರನ್ನು ಅದು ಎಳೆದಲ್ಲಿಗೆ ಎಳೆದುಕೊಂಡು ಹೋಗುತ್ತದೆ.

ಹಾಗಾಗಿ ಅಪ್ಪ ಅವ್ವಂದಿರಿಗೆ ನಮ್ಮದೊಂದು ಮಾತು. ಕೋರ್ಸಿಗೆ ದುಡ್ಡು ಕಟ್ಟುವ ಮೊದಲು, ಅಲ್ಲಿ ಈಗಾಗಲೇ ಕಲಿತ ಒಬ್ಬ ಹುಡುಗನನ್ನು ಕರೆಸಿ ನಿಮ್ಮೆದುರು ಕೆಲಸ ಮಾಡಿಸಿ. ನಿಮ್ಮ ಸೊಸೈಟಿಯ ಒಂದು ತಿಂಗಳ ಲೆಕ್ಕ ಕೊಟ್ಟು ಕಂಪ್ಯೂಟರಿನಲ್ಲಿ ಕೂಡಿಸು ಅನ್ನಿ. ಎಮ್ಮೆ ಕೊಳ್ಳುವಾಗ ಹಾಲು ಹಿಂಡಿಸಿ ನೋಡುತ್ತೀರಿ, ಔರಾದಿನ ಅಮರೇಶ್ವರ ಜಾತ್ರೆಯಲ್ಲಿ ದೇವಣಿ ಎತ್ತಿನ ಬಾಯಿ ಬಿಡಿಸಿ ಹಲ್ಲು ಎಣಿಸುತ್ತೀರಿ. ಮಗನ ಕೋರ್ಸಿಗೆ ಮಾತ್ರ ಬೋರ್ಡ್ ನೋಡಿ ದುಡ್ಡು ಎಣಿಸುತ್ತೀರಿ. ಶಾಲೆಗೂ ಹೋಗಿ. ಎಷ್ಟು ಪರ್ಸೆಂಟ್ ಅಂತ ಕೇಳಬೇಡಿ, ಇದನ್ನು ಓದು ಮಗಾ ಅಂತ ಒಂದು ಪುಟ ಮುಂದಿಡಿ. ಗ್ರಾಮಸಭೆಯಲ್ಲಿ ಎಷ್ಟು ಟ್ಯಾಬ್ ಬಂತು ಅನ್ನುವುದು ಆಮೇಲೆ, ಗಣಿತಕ್ಕೆ ಮೇಷ್ಟ್ರು ಇದ್ದಾರೋ ಇಲ್ಲವೋ ಅದನ್ನು ಮೊದಲು ಕೇಳಿ.

ಸಮೀಕ್ಷೆಯನ್ನೂ ನಂಬಿ ಕೂರಬೇಡಿ. 'ಬೆಳೆ ದರ್ಶಕ' ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿದರೆ ಯಾವ ಬೆಳೆ ಬರೆದಿದ್ದಾರೆ, ಯಾವ ಫೋಟೊ ಹಾಕಿದ್ದಾರೆ ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಗಡುವು ಮುಗಿಯುವ ಮೊದಲು ಹಾಕಿ.

ನಮ್ಮ ಹುಡುಗನ 40 ಸರ್ವೆ ನಂಬರಿನ ಗತಿ ಏನಾಯಿತು ಅಂತ ಕೇಳುತ್ತೀರಿ. ಕಾಕಾ ಅವನನ್ನು ಹೊಲದ ತುಂಬ ಓಡಾಡಿಸಿ ಎಲೆ ಮುಟ್ಟಿಸಿ ಕಲಿಸಿದರು. ಮರುದಿನದಿಂದ ಅವನು ಮತ್ತೆ ಅಷ್ಟೂ ಹೊಲ ತಿರುಗಿದ, ನಾವೂ ಜೊತೆಗೆ ಹೋದೆವು. ಹೆಸರು ಅಂತ ಒತ್ತಿದ್ದು 17. ಅದರಲ್ಲಿ 11 ಉದ್ದು. ಮನೆ ಮನೆಗೆ ಹೋಗಿ ತಪ್ಪಾಗಿದೆ ಅಂತ ಹೇಳಿ ಆಕ್ಷೇಪಣೆ ಹಾಕಿಸಿದೆವು. 9 ಸರಿಯಾದವು. ಉಳಿದ ಇಬ್ಬರು ಈಗಲೂ ಬಸ್ ನಿಲ್ದಾಣದಲ್ಲಿ ಎದುರಾದರೆ ನಮ್ಮ ಮುಖ ನೋಡುವುದಿಲ್ಲ.